ಉರಿಯುವ ಗಡಿಯ ಮೂಕಿ ಚಿತ್ರ, ಅದರಲ್ಲಿ ಕೇಳಿಸದ ಮಾತು

ಪೋಲೆಂಡಿನ ಪಶ್ಚಿಮ ತುದಿಯಲ್ಲಿ ಸ್ವುಬಿತ್ಸೆ ಅಂತ ಒಂದು ಸಣ್ಣ ಊರಿದೆ. ಅಲ್ಲಿಂದ ಓಡರ್ ನದಿಯ ಸೇತುವೆ ದಾಟಿದರೆ ಜರ್ಮನಿಯ ಫ್ರಾಂಕ್‌ಫರ್ಟ್. ದೊಡ್ಡ ವಿಮಾನ ನಿಲ್ದಾಣ ಇರುವ ಫ್ರಾಂಕ್‌ಫರ್ಟ್ ಅಲ್ಲ, ಅದೇ ಹೆಸರಿನ ಇನ್ನೊಂದು. 2007ರ ಡಿಸೆಂಬರಿನಲ್ಲಿ ಪೋಲೆಂಡ್ ಷೆಂಗೆನ್ ಒಕ್ಕೂಟಕ್ಕೆ, ಅಂದರೆ ಒಳಗಡಿಗಳಲ್ಲಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪಿಗೆ, ಸೇರಿತು. ಆಮೇಲೆ ಜನ ಆ ಸೇತುವೆಯನ್ನು ಪಕ್ಕದ ಬೀದಿಗೆ ಹೋದ ಹಾಗೆ ದಾಟುತ್ತಿದ್ದರು. ಅಗ್ಗದ ಸಿಗರೇಟಿಗೆ ಆ ಕಡೆಯವರು ಈ ಕಡೆ ಬರುತ್ತಾರೆ, ಓದುವುದಕ್ಕೆ ಈ ಕಡೆಯವರು ಆ ಕಡೆ ಹೋಗುತ್ತಾರೆ.

2025ರ ಬೇಸಿಗೆಯಲ್ಲಿ ಈ ಗಡಿಯ ಹಲವು ಸೇತುವೆಗಳ ಹತ್ತಿರ ಬೇರೆ ಥರದ ಜನ ಬಂದು ನಿಂತರು. ಅವರು ಪೊಲೀಸರಲ್ಲ, ಸೈನಿಕರೂ ಅಲ್ಲ. ತಾವೇ ಗಡಿ ಕಾಯುತ್ತೇವೆ ಎಂದು ಹೊರಟ ನಾಗರಿಕರು. ಜರ್ಮನಿ ತನಗೆ ಬೇಡವಾದ ವಲಸಿಗರನ್ನು ನಮ್ಮ ಕಡೆ ತಳ್ಳುತ್ತಿದೆ ಎನ್ನುವುದು ಅವರ ದೂರು. ಜರ್ಮನಿ 2023ರ ಅಕ್ಟೋಬರಿನಿಂದಲೇ ಈ ಗಡಿಯಲ್ಲಿ ತಪಾಸಣೆ ಶುರು ಮಾಡಿತ್ತು. 2025ರ ಜುಲೈ 7ರಿಂದ ಪೋಲೆಂಡ್ ಸರ್ಕಾರವೂ ಶುರು ಮಾಡಿತು. 2007ರಿಂದ ಬಹುಮಟ್ಟಿಗೆ ನಕ್ಷೆಯಲ್ಲಿ ಮಾತ್ರ ಇದ್ದ ಗೆರೆ ಮತ್ತೆ ರಸ್ತೆಗೆ ಇಳಿದು ಬಂತು.

ಆ ದಿನಗಳ ವಿಡಿಯೊಗಳನ್ನು ನೋಡುವಾಗ ನನಗೆ ನೆನಪಾದದ್ದು ಸುಮಾರು ನೂರು ವರ್ಷ ಹಳೆಯ ಒಂದು ಸಿನಿಮಾದ ಹೆಸರು. 'ಬ್ರೆನ್ನೆಂಡೆ ಗ್ರೆನ್ಸೆ', ಅಂದರೆ 'ಉರಿಯುವ ಗಡಿ'. 1927ರ ಜರ್ಮನ್ ಮೂಕಿ ಚಿತ್ರ, ನಿರ್ದೇಶಕ ಎರಿಕ್ ವಾಶ್ನೆಕ್. ಮೊದಲ ಮಹಾಯುದ್ಧ ಮುಗಿದ ಬೆನ್ನಿಗೇ ಜರ್ಮನಿ ಮತ್ತು ಪೋಲೆಂಡ್ ಗಡಿಯಲ್ಲಿ ನಡೆದ ಹೊಡೆದಾಟ ಅದರ ಹಿನ್ನೆಲೆ. ಮಹಾನ್ ಚಿತ್ರ ಅಂತ ಯಾರೂ ಹೇಳುವುದಿಲ್ಲ. ಜರ್ಮನ್ ಸಿನಿಮಾದ ಸುವರ್ಣಯುಗ ಎನ್ನುವ ಪಟ್ಟಿಗಳಲ್ಲಿ ಅದು ಸಿಗುವುದೂ ಅಪರೂಪ. ಆದರೆ ಒಂದು ಕಾಲ ತನ್ನ ಗಡಿಯನ್ನು ಹೇಗೆ ಕಲ್ಪಿಸಿಕೊಂಡಿತ್ತು ಎಂದು ತಿಳಿಯಲು ಇಂಥ ಎರಡನೇ ಸಾಲಿನ ಚಿತ್ರಗಳೇ ಜಾಸ್ತಿ ಸಹಾಯ ಮಾಡುತ್ತವೆ. ದೊಡ್ಡ ಕಲಾವಿದ ತನ್ನ ಕಾಲದ ಜೊತೆ ಜಗಳ ಆಡುತ್ತಾನೆ. ಸಾಧಾರಣ ಸಿನಿಮಾ ತನ್ನ ಕಾಲ ಹೇಳಿದ್ದಕ್ಕೆ ತಲೆಯಾಡಿಸುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಮೂಕಿ ಚಿತ್ರದಲ್ಲಿ ಮಾತು ಕೇಳಿಸುವುದಿಲ್ಲ. ಆ ಗಡಿಯಲ್ಲಿದ್ದ ಮುಖ್ಯ ಸಮಸ್ಯೆಯೇ ಮಾತು. ಹಾಗಾದರೆ ಆ ಚಿತ್ರಗಳು ಏನನ್ನು ತೋರಿಸಿದವು?

ನನ್ನ ಅಕ್ಕನ ಮಗನಿಗೆ ಹತ್ತು ವರ್ಷ. ಒಂದು ಭಾನುವಾರ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವುದೋ ಹಳೇ ಜರ್ಮನ್ ಮೂಕಿ ಚಿತ್ರ ಹಾಕಿದ್ದೆ. ಐದೇ ನಿಮಿಷದಲ್ಲಿ ಅವನು ಬೆರಳು ತೋರಿಸಿ, "ಮಾಮಾ, ಇವನೇ ವಿಲನ್" ಅಂದ. ಒಂದು ಅಕ್ಷರ ಜರ್ಮನ್ ಬಾರದ ಹುಡುಗ. ಹೇಗೆ ಗೊತ್ತಾಯಿತು ಅಂತ ಕೇಳಿದೆ. "ಹುಬ್ಬು ನೋಡು" ಅಂದ. ಸರಿಯಾಗೇ ಹೇಳಿದ. ಮೂಕಿ ಚಿತ್ರದಲ್ಲಿ ಯಾರು ಯಾವ ಕಡೆಯವರು ಎಂದು ಹೇಳಬೇಕಾದ್ದು ಹುಬ್ಬು, ಮೀಸೆ, ಟೋಪಿ, ಬೂಟು. ಅದು ಆ ಕಲೆಯ ದೋಷವಲ್ಲ, ವ್ಯಾಕರಣ. ಆದರೆ ಆ ವ್ಯಾಕರಣವನ್ನು ಜರ್ಮನಿ–ಪೋಲೆಂಡ್ ಗಡಿಗೆ ತಂದಾಗ ಒಂದು ಯಡವಟ್ಟಾಗುತ್ತದೆ. ಅಲ್ಲಿ ಅಕ್ಕಪಕ್ಕದ ಮನೆಯವರ ಹುಬ್ಬು ಒಂದೇ ಥರ, ಟೋಪಿ ಒಂದೇ ಥರ, ಚರ್ಚು ಕೂಡ ಒಂದೇ.

ಇನ್ನೊಂದು ತಮಾಷೆ ನೋಡಿ. ಜರ್ಮನ್ ಗಡಿಯ ಕಥೆ ಹೇಳುವ ಈ ಚಿತ್ರದ ಮುಖ್ಯ ತಾರೆಯರಲ್ಲಿ ಜೆನ್ನಿ ಹಾಸೆಲ್‌ಕ್ವಿಸ್ಟ್ ಸ್ವೀಡನ್ನಿನ ಬ್ಯಾಲೆ ನರ್ತಕಿ, ಓಸ್ಕರ್ ಹೊಮೋಲ್ಕಾ ವಿಯೆನ್ನಾದವನು. ಮೂಕಿ ಕಾಲದಲ್ಲಿ ಇದು ಮಾಮೂಲು. ಬಾಯಿ ಬಿಡಬೇಕಿಲ್ಲ ಅಂದಮೇಲೆ ಯಾರು ಯಾವ ದೇಶದವರಾದರೇನು? ನಮ್ಮಲ್ಲೂ ಹಾಗೇ ಇತ್ತು. ಮೂಕಿ ಚಿತ್ರದ ನಡುನಡುವೆ ಬರುವ ಬರಹದ ಚೌಕಟ್ಟಿನಲ್ಲಿ ಎರಡು ಮೂರು ಭಾಷೆ ಒಟ್ಟಿಗೆ ಬರೆದು ಊರೂರು ಸುತ್ತಿಸುತ್ತಿದ್ದರು. 1934ರ 'ಸತಿ ಸುಲೋಚನಾ'ದಿಂದ ಕನ್ನಡ ತೆರೆಯ ಮೇಲೆ ಮಾತಾಡತೊಡಗಿತು. ಭಾಷೆಗೊಂದು ಸಿನಿಮಾ ಎಂಬ ಗೆರೆಗಳು ಮೂಡಿದ್ದು ಆಮೇಲೆ.

ಯುರೋಪಿನಲ್ಲಿ ಆ ಬರಹದ ಚೌಕಟ್ಟುಗಳಿಗೆ ಇನ್ನೊಂದು ಉಪಯೋಗವೂ ಇತ್ತು. ಚಿತ್ರವನ್ನು ಹೊರದೇಶಕ್ಕೆ ಮಾರುವಾಗ ಅವನ್ನು ಕಿತ್ತು ಬೇರೆ ಹಾಕಬಹುದು. ದೃಶ್ಯ ಅದೇ, ಅರ್ಥ ಬೇರೆ. ಊರ ಹೆಸರು ಬದಲಿಸಬಹುದು, ಶತ್ರುವಿನ ದೇಶವನ್ನೇ ಬದಲಿಸಬಹುದು. ಇದರ ಮೇಲೆ ಸೆನ್ಸಾರ್. 1920ರ ಮೇ ತಿಂಗಳಲ್ಲಿ ಬಂದ ಜರ್ಮನ್ ಸಿನಿಮಾ ಕಾನೂನಿನ ಪ್ರಕಾರ, ವಿದೇಶಗಳ ಜೊತೆಗಿನ ಸಂಬಂಧ ಕೆಡಿಸುವಂಥ ಚಿತ್ರವನ್ನು ತಡೆಯುವ ಅವಕಾಶ ಇತ್ತು. ಹಾಗಾಗಿ ನೆರೆಯ ದೇಶದ ಸರ್ಕಾರವನ್ನು ನೇರವಾಗಿ ಬೈಯುವುದಕ್ಕಿಂತ 'ದಂಗೆಕೋರರ ಗುಂಪು' ಎಂದು ತೋರಿಸುವುದು ಸಲೀಸು. ಗುಂಪಿಗೆ ರಾಯಭಾರ ಕಚೇರಿ ಇರುವುದಿಲ್ಲವಲ್ಲ.

ಈಗ ಸಿನಿಮಾ ಬಿಟ್ಟು ನೆಲಕ್ಕೆ ಬರೋಣ.

ಯುದ್ಧದ ನಂತರ ಜರ್ಮನಿಯ ಪೂರ್ವದ ಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ರಕ್ತ ಹರಿದ ಜಾಗಗಳಲ್ಲಿ ಒಂದು ಮೇಲಿನ ಸೈಲೀಷಿಯಾ. ಇಂದಿನ ಪೋಲೆಂಡಿನ ದಕ್ಷಿಣದಲ್ಲಿರುವ ಕಲ್ಲಿದ್ದಲ ನಾಡು. ಕಟೋವಿತ್ಸೆ, ಬಿಟೊಮ್, ಗ್ಲಿವಿತ್ಸೆ ಅಲ್ಲಿನ ಊರುಗಳು. ನೆಲದಡಿ ಕಲ್ಲಿದ್ದಲು, ಸತು, ಸೀಸ. ನೆಲದ ಮೇಲೆ ಕುಲುಮೆ, ಚಿಮಣಿ, ಕಾರ್ಮಿಕರ ಕೇರಿ. ಗಣಿ ಮಾಲೀಕರು, ಇಂಜಿನಿಯರುಗಳು, ಪೇಟೆಯವರು ಬಹುಪಾಲು ಜರ್ಮನ್. ಗಣಿಗೆ ಇಳಿಯುವವರು, ಸುತ್ತಲ ಹಳ್ಳಿಯವರು ಬಹುಪಾಲು ಪೋಲಿಷ್‌ಗೆ ಹತ್ತಿರದ ಮಾತಿನವರು. 1910ರ ಜರ್ಮನ್ ಜನಗಣತಿಯಲ್ಲೇ ಅರ್ಧಕ್ಕಿಂತ ಹೆಚ್ಚು ಜನ ಪೋಲಿಷ್ ತಮ್ಮ ಮಾತೃಭಾಷೆ ಎಂದು ಬರೆಸಿದ್ದರು.

1919ರಲ್ಲಿ ಶಾಂತಿ ಒಪ್ಪಂದ ಬರೆಯಲು ವರ್ಸೇಲ್ಸ್‌ನಲ್ಲಿ ಕೂತ, ಯುದ್ಧ ಗೆದ್ದ ದೇಶಗಳವರು ಮೊದಲು ಇದನ್ನು ಪೋಲೆಂಡಿಗೆ ಕೊಡೋಣ ಅಂದರು. ಜರ್ಮನಿ ಗಲಾಟೆ ಮಾಡಿತು. ಕೊನೆಗೆ ಒಪ್ಪಂದದ 88ನೇ ವಿಧಿಯಲ್ಲಿ ಜನಮತಗಣನೆ ಎಂದು ಬರೆದರು. ಅಲ್ಲಿಯವರೆಗೆ ಆಡಳಿತ ನೋಡಿಕೊಳ್ಳಲು ಫ್ರೆಂಚ್ ಜನರಲ್ ಆಂರಿ ಲ ರೋಂ ನೇತೃತ್ವದ ಆಯೋಗ ಒಪೋಲೆ ಪಟ್ಟಣಕ್ಕೆ ಬಂದು ಕೂತಿತು. ಜೊತೆಗೆ ಫ್ರೆಂಚ್, ಇಟಾಲಿಯನ್, ಬ್ರಿಟಿಷ್ ಸೈನಿಕರು. 1919ರ ಆಗಸ್ಟಿನಲ್ಲಿ ಒಂದು ದಂಗೆ, 1920ರ ಆಗಸ್ಟಿನಲ್ಲಿ ಇನ್ನೊಂದು, 1921ರ ಮೇ ತಿಂಗಳಲ್ಲಿ ಮೂರನೆಯದು. ಒಂದು ಕಡೆ ಪೋಲಿಷ್ ದಂಗೆಕೋರರು, ಇನ್ನೊಂದು ಕಡೆ ಯುದ್ಧ ಮುಗಿದರೂ ಬಂದೂಕು ಕೆಳಗಿಡದ ಜರ್ಮನ್ ಸ್ವಯಂಸೇವಕ ಪಡೆಗಳು. ಎರಡೂ ಕಡೆ ಅಧಿಕೃತ ಸೈನ್ಯ ಅನ್ನುವುದು ಕಡಿಮೆ, 'ನಾವೇ ಗಡಿ ಕಾಯುತ್ತೇವೆ' ಅನ್ನುವವರು ಜಾಸ್ತಿ.

ಪ್ರಚಾರದ ಅಬ್ಬರ ಹೇಗಿತ್ತು ಅಂದರೆ ನಮ್ಮ ಚುನಾವಣೆಗಳು ನಾಚಬೇಕು. ಪೋಲಿಷ್ ಪಾಳಯದ ನಾಯಕ ವೊಯ್ಚೆಕ್ ಕೊರ್ಫಾಂಟಿ, ಗಣಿ ಕಾರ್ಮಿಕನ ಮಗ. ಬಿಟೊಮ್‌ನ ಒಂದು ಹೋಟೆಲ್ ಅವನ ಪ್ರಚಾರ ಕಚೇರಿಯಾಗಿತ್ತು. ಪೋಲೆಂಡಿಗೆ ಓಟು ಹಾಕಿದರೆ ಮನೆಗೊಂದು ಹಸು ಸಿಗುತ್ತದೆ ಎನ್ನುವ ಮಾತು ಹಳ್ಳಿಗಳಲ್ಲಿ ಹಬ್ಬಿತು. ಜರ್ಮನ್ ಕಡೆಯವರು 'ಕೊರ್ಫಾಂಟಿಯ ಹಸು' ಎಂದು ಅದನ್ನೇ ಹಿಡಿದು ಲೇವಡಿ ಮಾಡಿದರು. ಅವರ ಬಳಿಯೂ ಉಪಾಯ ಇತ್ತು. ಅಲ್ಲಿ ಹುಟ್ಟಿ ಬೇರೆ ಕಡೆ ಹೋಗಿ ನೆಲೆಸಿದವರಿಗೂ ಓಟಿನ ಹಕ್ಕು ಇತ್ತಲ್ಲ, ಅಂಥವರನ್ನು ಜರ್ಮನಿಯ ಮೂಲೆಮೂಲೆಯಿಂದ ವಿಶೇಷ ರೈಲುಗಳಲ್ಲಿ ತಂದರು. ಹೀಗೆ ಬಂದವರು ಸುಮಾರು 1.9 ಲಕ್ಷ. ಬಹುತೇಕ ಎಲ್ಲರೂ ಜರ್ಮನಿಗೇ ಓಟು ಹಾಕಿದರು.

1921ರ ಮಾರ್ಚ್ 20, ಭಾನುವಾರ. ನೂರಕ್ಕೆ ಸುಮಾರು 97 ಮಂದಿ ಮತಗಟ್ಟೆಗೆ ಬಂದರು. ಜರ್ಮನಿಗೆ ಸುಮಾರು 7 ಲಕ್ಷ 7 ಸಾವಿರ, ಪೋಲೆಂಡಿಗೆ ಸುಮಾರು 4 ಲಕ್ಷ 79 ಸಾವಿರ. ಹತ್ತಿರಹತ್ತಿರ 60–40.

ಈ ಅಂಕಿಯನ್ನು 1910ರ ಜನಗಣತಿಯ ಪಕ್ಕದಲ್ಲಿಟ್ಟು ನೋಡಿ. ಅರ್ಧಕ್ಕಿಂತ ಹೆಚ್ಚು ಜನರ ಮನೆಮಾತು ಪೋಲಿಷ್, ಆದರೆ ಪೋಲೆಂಡಿಗೆ ಬಿದ್ದದ್ದು ನೂರಕ್ಕೆ 40 ಓಟು. ರೈಲಿನಲ್ಲಿ ಬಂದವರನ್ನು ಕಳೆದರೂ ಲೆಕ್ಕ ಕೂಡುವುದಿಲ್ಲ. ಅಂದರೆ ಮನೆಯಲ್ಲಿ ಪೋಲಿಷ್ ಮಾತಾಡುತ್ತಿದ್ದ ಎಷ್ಟೋ ಮಂದಿ ಜರ್ಮನಿಯೇ ಇರಲಿ ಅಂದುಕೊಂಡರು. ಕೆಲಸ, ಪಿಂಚಣಿ, ರೂಢಿ, ಹೊಸ ದೇಶದ ಬಗ್ಗೆ ಅನುಮಾನ, ಆಗಷ್ಟೇ ಪೋಲೆಂಡ್ ರಷ್ಯಾದ ಜೊತೆ ಯುದ್ಧ ಮಾಡಿ ಎದ್ದಿತ್ತು ಎನ್ನುವ ಭಯ, ಹೀಗೆ ಕಾರಣಗಳು ಹಲವು. ಭಾಷೆ ಒಂದು, ಓಟು ಇನ್ನೊಂದು. ಹುಬ್ಬು ನೋಡಿ ಹೇಳುವ ಹಾಗಿರಲಿಲ್ಲ.

ಇನ್ನೂ ಸೋಜಿಗ ಅಂದರೆ ನಕ್ಷೆ. ಕಟೋವಿತ್ಸೆ ಪಟ್ಟಣದಲ್ಲಿ ನೂರಕ್ಕೆ 85ರಷ್ಟು ಓಟು ಜರ್ಮನಿಗೆ. ಪಟ್ಟಣ ದಾಟಿ ಸುತ್ತಲ ಗ್ರಾಮಾಂತರಕ್ಕೆ ಬಂದರೆ ಪೋಲೆಂಡಿಗೆ ಬಹುಮತ. ಒಂದು ಊರಿನ ಪೇಟೆ ಒಂದು ದೇಶ, ಅದಕ್ಕೆ ಹಾಲು ತರುವ ಹಳ್ಳಿ ಇನ್ನೊಂದು ದೇಶ ಆಗಬೇಕು. ಫಲಿತಾಂಶವನ್ನು ಗ್ರಾಮವಾರು ಎಣಿಸಿ ಅದರ ಮೇಲೆ ಗೆರೆ ಎಳೆಯಬೇಕು ಎಂದು ಒಪ್ಪಂದದಲ್ಲೇ ಬರೆದಿತ್ತು. ಎಳೆಯುವುದು ಹೇಗೆ?

ಬೆಳಗಾವಿ ಕಡೆಯ ಓದುಗರಿಗೆ ಇದು ಎಲ್ಲೋ ಕೇಳಿದ ಹಾಗಿದೆ ಅನಿಸಬಹುದು. ಗ್ರಾಮವೇ ಘಟಕ, ಭಾಷಿಕರ ಬಹುಮತವೇ ಆಧಾರ, ಅಕ್ಕಪಕ್ಕ ತಾಗಿರಬೇಕು ಎನ್ನುವುದು ಮಹಾರಾಷ್ಟ್ರ ದಶಕಗಳಿಂದ ಮುಂದಿಡುತ್ತಿರುವ ಸೂತ್ರ. 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ ಬೆಳಗಾವಿಯನ್ನು ಕರ್ನಾಟಕದಲ್ಲೇ ಉಳಿಸಿತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ನಾನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಇಲ್ಲಿ ಒಂದೇ ದೇಶದ ಎರಡು ರಾಜ್ಯ, ಅಲ್ಲಿ ಎರಡು ದೇಶ, ನಡುವೆ ಫಿರಂಗಿ. ಆದರೆ ಒಂದು ಅನುಭವ ಮಾತ್ರ ಒಂದೇ. ಬೆಳಗಾವಿಯ ನನ್ನ ಗೆಳೆಯನೊಬ್ಬನನ್ನು ಕಾಲೇಜಿನಲ್ಲಿ ಯಾರೋ "ನಿಮ್ಮ ಮನೇಲಿ ಯಾವ ಭಾಷೆ?" ಅಂತ ಕೇಳಿದರು. ಅವನು ತಡವರಿಸಿ "ಯಾರ ಹತ್ರ ಮಾತಾಡುವಾಗ?" ಅಂದ. ಅಜ್ಜಿಯ ಹತ್ತಿರ ಮರಾಠಿ, ಅಪ್ಪನ ಹತ್ತಿರ ಕನ್ನಡ, ಓಣಿಯಲ್ಲಿ ಎರಡೂ ಕಲಸಿದ್ದು. ಎಲ್ಲರೂ ನಕ್ಕರು. ಅವನು ಹೇಳಿದ್ದು ಸತ್ಯ.

ಸೈಲೀಷಿಯಾದವರು ತಮ್ಮ ಮಾತಿಗೆ ಇಟ್ಟುಕೊಂಡ ಹೆಸರೂ ಹೀಗೇ. 'ಪೋ ನಾಶಿಮು' ಅನ್ನುತ್ತಾರೆ. 'ನಮ್ಮ ಥರ' ಅಂತ ಅರ್ಥ. ಬುಡ ಪೋಲಿಷ್‌ದು, ಮೈತುಂಬ ಜರ್ಮನ್ ಪದಗಳು. ಗಣಿಗೆ 'ಗ್ರುಬಾ', ಪಾಳಿಗೆ 'ಶಿಖ್ತಾ', ರೈಲಿಗೆ 'ಬಾನಾ'. ಮೂರೂ ಜರ್ಮನ್‌ನಿಂದ ಬಂದವು, ಮೂರಕ್ಕೂ ಪೋಲಿಷ್ ಥರದ ಬಾಲ ಅಂಟಿದೆ. ಕಾರ್ಮಿಕರ ಸಾಲುಮನೆಗೆ 'ಫಮಿಲೊಕ್'. ಕಟೋವಿತ್ಸೆಯ ನಿಕಿಶೊವ್ಯೆತ್ಸ್ ಎಂಬ ಗಣಿ ಕೇರಿಯಲ್ಲಿ ಅಂಥ ಮನೆಗಳು ಇವತ್ತಿಗೂ ಇವೆ. ಕೆಂಪು ಇಟ್ಟಿಗೆಯ ಮೂರಂತಸ್ತು, ಕಿಟಕಿಯ ಸುತ್ತ ಕೆಂಪು ಬಣ್ಣ, ನಡುವೆ ಎಲ್ಲರಿಗೂ ಸೇರಿದ ಅಂಗಳ. 1908ರಲ್ಲಿ ಕಟ್ಟಲು ಶುರು ಮಾಡಿದರು. ಆಗ ಅದು ಜರ್ಮನಿ. ಮನೆ ಬದಲಿಸದೆ ಅಲ್ಲೇ ಬದುಕಿದ ಒಬ್ಬ ಮುದುಕಿ 1922ರಲ್ಲಿ ಪೋಲೆಂಡಿಗೆ ಬಂದಳು, 1939ರಲ್ಲಿ ಜರ್ಮನಿಗೆ ಹೋದಳು, 1945ರಲ್ಲಿ ಮತ್ತೆ ಪೋಲೆಂಡಿಗೆ ಬಂದಳು. ಮುದುಕಿ ಎದ್ದು ಹೋಗಿದ್ದು ಅಂಗಳದ ನಲ್ಲಿಯವರೆಗೆ ಮಾತ್ರ. ನಡುವೆ 1953ರಿಂದ 1956ರವರೆಗೆ ಕಟೋವಿತ್ಸೆಯ ಹೆಸರು ಸ್ಟಾಲಿನೊಗ್ರುದ್ ಎಂದೂ ಆಗಿತ್ತು. ಅದು ಬೇರೆ ಕಥೆ.

ಈ 'ನಮ್ಮ ಥರ'ದ ಜನರಿಗೆ 1921ರ ಮತಪತ್ರದಲ್ಲಿ ಜಾಗ ಇರಲಿಲ್ಲ. ಅಲ್ಲಿದ್ದದ್ದು ಎರಡೇ ಆಯ್ಕೆ, ಜರ್ಮನಿ ಅಥವಾ ಪೋಲೆಂಡ್. 'ಮೇಲಿನ ಸೈಲೀಷಿಯಾ ಅಲ್ಲಿನವರಿಗೇ ಇರಲಿ' ಎನ್ನುವ ಮೂರನೇ ದನಿಯೂ ಆಗ ಜೋರಾಗಿಯೇ ಇತ್ತು, ಸಂಘಟನೆಯೂ ಇತ್ತು. ಅದನ್ನು ಎಣಿಸುವ ಪೆಟ್ಟಿಗೆ ಮಾತ್ರ ಇಟ್ಟಿರಲಿಲ್ಲ. ಮತಪತ್ರದ ಚೀಟಿಗಳಲ್ಲಿ ದೇಶದ ಹೆಸರನ್ನು ಎರಡೂ ಭಾಷೆಯಲ್ಲಿ ಬರೆದಿದ್ದರು. ಎರಡೂ ಭಾಷೆ ಬೇಕಾದೀತು ಎಂದು ಗೊತ್ತಿತ್ತು. ಎರಡೂ ಭಾಷೆ ಒಬ್ಬನಲ್ಲೇ ಇರಬಹುದು ಎನ್ನುವುದಕ್ಕೆ ಚೀಟಿ ಇರಲಿಲ್ಲ.

ಮತಗಣನೆಯ ನಂತರವೂ ಬ್ರಿಟನ್, ಫ್ರಾನ್ಸ್ ಒಮ್ಮತಕ್ಕೆ ಬರಲಿಲ್ಲ. ಮೇ ತಿಂಗಳಲ್ಲಿ ಮೂರನೇ ದಂಗೆ, ಯಾತ್ರೆಯ ಜಾಗವಾದ ಸಂತ ಅನ್ನಾ ಬೆಟ್ಟದಲ್ಲಿ ಘೋರ ಕಾಳಗ. ಕೊನೆಗೆ ವಿಷಯ ರಾಷ್ಟ್ರಸಂಘಕ್ಕೆ, ಅಂದರೆ ವಿಶ್ವಸಂಸ್ಥೆಗಿಂತ ಮೊದಲಿದ್ದ ದೇಶಗಳ ಒಕ್ಕೂಟಕ್ಕೆ, ಹೋಯಿತು. ಅದು ನಾಲ್ಕು ದೇಶಗಳ ಪ್ರತಿನಿಧಿಗಳನ್ನು ಕೂರಿಸಿತು. ಬೆಲ್ಜಿಯಂ, ಸ್ಪೇನ್, ಬ್ರೆಜಿಲ್, ಚೀನಾ. ಸೈಲೀಷಿಯಾದ ಹಾಲಿನ ಹಳ್ಳಿ ಯಾರಿಗೆ ಎಂದು ತೀರ್ಮಾನಿಸಿದವರಲ್ಲಿ ಚೀನಾದವರೂ ಬ್ರೆಜಿಲ್‌ನವರೂ ಇದ್ದರು! 1921ರ ಅಕ್ಟೋಬರಿನಲ್ಲಿ ಗೆರೆ ಬಿತ್ತು. ನೆಲದಲ್ಲಿ ಮೂರರಲ್ಲಿ ಒಂದು ಪಾಲು, ಜನರಲ್ಲಿ ಅರ್ಧಕ್ಕೆ ತುಸು ಕಮ್ಮಿ, ಕಲ್ಲಿದ್ದಲ ಗಣಿಗಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಪೋಲೆಂಡಿಗೆ.

ಗೆರೆ ಹಾದುಹೋದ ರೀತಿ ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು ರೈಲು ಹಳಿ, ಟ್ರಾಮ್ ದಾರಿ, ನೀರಿನ ಕೊಳವೆ, ವಿದ್ಯುತ್ ತಂತಿಗಳನ್ನೆಲ್ಲ ಕತ್ತರಿಸಿಕೊಂಡು ಹೋಯಿತು. ಕೆಲವು ಕಡೆ ನೆಲದಡಿಯ ಗಣಿಯನ್ನೂ ದಾಟಿತು. ಮನೆ ಒಂದು ದೇಶದಲ್ಲಿ, ಪಾಳಿ ಇನ್ನೊಂದು ದೇಶದಲ್ಲಿ. ಕೂಲಿಗೆ ಹೋಗುವವರಿಗೆ ದಿನಾ ಗಡಿ ದಾಟಲು ಒಂದು ಕಾರ್ಡ್ ಕೊಟ್ಟರು. ಈ ಗೋಜಲನ್ನೆಲ್ಲ ನಿಭಾಯಿಸಲು 1922ರ ಮೇ 15ರಂದು ಜಿನೀವಾದಲ್ಲಿ ಎರಡೂ ದೇಶ ಒಂದು ಒಪ್ಪಂದ ಮಾಡಿಕೊಂಡವು. ಆರುನೂರಕ್ಕೂ ಹೆಚ್ಚು ವಿಧಿಗಳು, ಹದಿನೈದು ವರ್ಷದ ಅವಧಿ. ಶಾಲೆ, ಭಾಷೆ, ಧರ್ಮ, ಕಲ್ಲಿದ್ದಲು, ರೈಲ್ವೆ, ಎಲ್ಲದಕ್ಕೂ ನಿಯಮ. ದೂರು ಕೇಳಲು ಕಟೋವಿತ್ಸೆಯಲ್ಲಿ ಸ್ವಿಟ್ಜರ್ಲೆಂಡಿನ ಮಾಜಿ ಅಧ್ಯಕ್ಷ ಫೆಲಿಕ್ಸ್ ಕಾಲೊಂಡರ್ ಕೂತ.

ಈ ಒಪ್ಪಂದದಿಂದ ಹುಟ್ಟಿದ ಒಂದು ಘಟನೆ ನನಗೆ ಯಾವ ಸಿನಿಮಾಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. 1933ರಲ್ಲಿ ಹಿಟ್ಲರ್ ಬಂದ. ಯಹೂದಿ ವಿರೋಧಿ ಕಾನೂನುಗಳು ಶುರುವಾದವು. ಜರ್ಮನ್ ಪಾಲಿನ ಸೈಲೀಷಿಯಾದಲ್ಲಿ ಅಂಗಡಿ ನೌಕರಿ ಕಳೆದುಕೊಂಡ ಫ್ರಾಂಟ್ಸ್ ಬರ್ನ್‌ಹೈಮ್ ಎಂಬ ಯಹೂದಿ ರಾಷ್ಟ್ರಸಂಘಕ್ಕೆ ಒಂದು ಅರ್ಜಿ ಹಾಕಿದ. ಜಿನೀವಾ ಒಪ್ಪಂದದಲ್ಲಿ ಅಲ್ಪಸಂಖ್ಯಾತರಿಗೆ ರಕ್ಷಣೆ ಇದೆ, ಇಲ್ಲಿನ ಅಲ್ಪಸಂಖ್ಯಾತರಲ್ಲಿ ನಾನೂ ಒಬ್ಬ ಎಂಬುದು ಅವನ ವಾದ. ಗೆದ್ದ. ಒಪ್ಪಂದದ ಅವಧಿ ಮುಗಿಯುವ 1937ರ ಜುಲೈವರೆಗೆ ಆ ಕಾನೂನುಗಳನ್ನು ಮೇಲಿನ ಸೈಲೀಷಿಯಾದಲ್ಲಿ ಜರ್ಮನಿ ತಡೆಹಿಡಿಯಬೇಕಾಯಿತು. ಇಡೀ ಜರ್ಮನಿಯಲ್ಲಿ ಇಲ್ಲದ ರಕ್ಷಣೆ ಗಡಿಯ ಒಂದು ಚೂರಿನಲ್ಲಿ ನಾಲ್ಕು ವರ್ಷ ಉಳಿಯಿತು. ಗಡಿ ಅಂದರೆ ಉರಿಯುವುದು ಮಾತ್ರ ಅಲ್ಲ, ಅಲ್ವಾ? ಆದರೆ ಅರ್ಜಿಯನ್ನು ಸಿನಿಮಾ ಮಾಡುವುದು ಕಷ್ಟ. ಅರ್ಜಿಗೆ ಹುಬ್ಬಿಲ್ಲ.

1927ರಲ್ಲಿ ಇಂಥ ಚಿತ್ರಗಳು ಯಾಕೆ ಬಂದವು? ಕಾಳಗ ಮುಗಿದು ಐದಾರು ವರ್ಷವಾಗಿತ್ತು. ಉತ್ತರ ರಾಜಕೀಯದಲ್ಲಿದೆ. 1925ರಲ್ಲಿ ಲೊಕಾರ್ನೊ ಒಪ್ಪಂದವಾಯಿತು. ಫ್ರಾನ್ಸ್ ಮತ್ತು ಬೆಲ್ಜಿಯಂ ಜೊತೆಗಿನ ಪಶ್ಚಿಮದ ಗಡಿಯನ್ನು ಜರ್ಮನಿ ಒಪ್ಪಿಕೊಂಡಿತು. ಪೋಲೆಂಡ್ ಜೊತೆಗಿನ ಪೂರ್ವದ ಗಡಿಗೆ ಅಂಥ ಭರವಸೆ ಕೊಡಲಿಲ್ಲ. ಬೇಕೆಂದೇ ಕೊಡಲಿಲ್ಲ. ಅದೇ ವರ್ಷ ಪೋಲೆಂಡಿನ ಕಲ್ಲಿದ್ದಲನ್ನು ಸುಂಕವಿಲ್ಲದೆ ತರಿಸಿಕೊಳ್ಳುವ ಅವಧಿ ಮುಗಿಯಿತು, ಎರಡೂ ದೇಶಗಳ ನಡುವೆ ಸುಂಕದ ಯುದ್ಧ ಶುರುವಾಯಿತು. ಜರ್ಮನಿಯ ಒಳಗೆ ಎಡದವರು, ಬಲದವರು, ನಡುವಿನವರು ಎಲ್ಲದಕ್ಕೂ ಕಿತ್ತಾಡುತ್ತಿದ್ದರು. ಪೂರ್ವದ ಗಡಿ ಅನ್ಯಾಯದ್ದು ಎನ್ನುವ ವಿಷಯದಲ್ಲಿ ಮಾತ್ರ ಹೆಚ್ಚುಕಡಿಮೆ ಒಮ್ಮತ. ಹಾಗಾಗಿ ಅಂಥ ಚಿತ್ರ ತೆಗೆಯಲು ಧೈರ್ಯ ಬೇಕಿರಲಿಲ್ಲ. ಟಿಕೆಟ್ ಮಾರಾಟವಾದರೆ ಸಾಕು. ಇನ್ನೊಂದು ಮಾತು: 1927ರ ಮಾರ್ಚಿನಲ್ಲೇ ದೇಶದ ಅತಿ ದೊಡ್ಡ ಚಿತ್ರ ಸಂಸ್ಥೆ ಉಫಾ, ರಾಷ್ಟ್ರವಾದಿ ಪತ್ರಿಕೆಗಳ ದೊರೆ ಆಲ್ಫ್ರೆಡ್ ಹುಗೆನ್‌ಬರ್ಗ್‌ನ ಕೈಗೆ ಹೋಯಿತು. ಗಾಳಿ ಯಾವ ಕಡೆ ಬೀಸುತ್ತಿತ್ತು ಎಂದು ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಆ ಚಿತ್ರದ ಇಬ್ಬರ ದಾರಿ ಬೇರೆಯಾಯಿತು. ಹೊಮೋಲ್ಕಾ ನಾಜಿಗಳ ಕಾಲದಲ್ಲಿ ದೇಶ ಬಿಟ್ಟ, ಬ್ರಿಟನ್ನಿನಲ್ಲಿ ಹಿಚ್‌ಕಾಕ್ ಚಿತ್ರದಲ್ಲಿ ನಟಿಸಿದ, ಹಾಲಿವುಡ್ಡಿಗೆ ಹೋದ. ವಾಶ್ನೆಕ್ ಉಳಿದ. 1940ರಲ್ಲಿ ರಾಥ್‌ಶೀಲ್ಡ್ ಎಂಬ ಯಹೂದಿ ಬ್ಯಾಂಕರುಗಳ ಮನೆತನದ ಮೇಲೆ ಯಹೂದಿ ದ್ವೇಷದ ಪ್ರಚಾರ ಚಿತ್ರ ತೆಗೆದ. ಗಡಿ ಚಿತ್ರ ತೆಗೆದವನೆಲ್ಲ ಹಾಗಾಗುತ್ತಾನೆ ಎಂದು ನಾನು ಹೇಳಲಾರೆ. ಆದರೆ ಮುಖ ನೋಡಿ ಶತ್ರುವನ್ನು ಗುರುತಿಸುವ ವ್ಯಾಕರಣ ಅವನ ಕೈಗೆ ಆಗಲೇ ಒಗ್ಗಿತ್ತು.

ಆ ವ್ಯಾಕರಣ ತೆರೆಯಿಂದ ಇಳಿದು ಬಂದ ದಿನ 1939ರ ಆಗಸ್ಟ್ 31. ಗ್ಲಿವಿತ್ಸೆ ಆಗ ಜರ್ಮನಿಯ ಗ್ಲೈವಿಟ್ಸ್. ಅಲ್ಲಿ ಮರದ ರೇಡಿಯೊ ಗೋಪುರ ಇದೆ. 111 ಮೀಟರ್ ಎತ್ತರ. ಲಾರ್ಚ್ ಮರದ ತೊಲೆಗಳು, ಹಿತ್ತಾಳೆಯ ಬೋಲ್ಟುಗಳು. ಇವತ್ತಿಗೂ ನಿಂತಿದೆ. ರಾತ್ರಿ ಎಂಟರ ಹೊತ್ತಿಗೆ ನಾಜಿ ಗುಪ್ತಪಡೆಯ ಆಲ್ಫ್ರೆಡ್ ನೌಯೋಕ್ಸ್ ಮತ್ತು ಅವನ ಸಂಗಡಿಗರು ಸಾದಾ ಬಟ್ಟೆಯಲ್ಲಿ, ಪೋಲಿಷ್ ದಂಗೆಕೋರರ ಸೋಗಿನಲ್ಲಿ ಒಳಗೆ ನುಗ್ಗಿದರು. 'ರೇಡಿಯೊ ಕೇಂದ್ರ ಪೋಲಿಷರ ಕೈಗೆ ಬಂದಿದೆ' ಎಂದು ಪೋಲಿಷ್‌ನಲ್ಲಿ ಸಾರಿ, ಜಗತ್ತಿಗೆ ನಂಬಿಸಬೇಕಿತ್ತು. ಒಳಗೆ ಹೋದರೆ ಅಲ್ಲಿ ಸರಿಯಾದ ಮೈಕೇ ಇಲ್ಲ! ಅದು ಬ್ರೆಸ್ಲೌ ಕೇಂದ್ರದ ಕಾರ್ಯಕ್ರಮವನ್ನು ಮುಂದಕ್ಕೆ ಕಳಿಸುವ ಕೇಂದ್ರ ಅಷ್ಟೇ. ತಡಕಾಡಿದಾಗ ಸಿಕ್ಕಿದ್ದು ಗುಡುಗು ಸಿಡಿಲಿನ ಸಮಯದಲ್ಲಿ ಕೇಳುಗರಿಗೆ ಎಚ್ಚರಿಕೆ ಕೊಡಲು ಇಟ್ಟ ಒಂದು ಮೈಕು. ಅದರಲ್ಲೇ ಒದರಿದರು. ಕೇಳಿಸಿದ್ದು ಕೆಲವೇ ಪದಗಳು. ಎರಡನೇ ಮಹಾಯುದ್ಧಕ್ಕೆ ನೆಪವಾಗಬೇಕಿದ್ದ ಈ ಗಡಿ ನಾಟಕವೂ ಹೆಚ್ಚುಕಡಿಮೆ ಮೂಕಿಯಾಗಿಯೇ ನಡೆಯಿತು.

ಮೂಕಿ ನಾಟಕಕ್ಕೆ ಒಂದು ದೇಹ ಬೇಕಿತ್ತು. ಅದಕ್ಕಾಗಿ ಫ್ರಾಂಚಿಶೆಕ್ ಹೊನ್ಯೊಕ್ ಎಂಬಾತನನ್ನು ಹಿಂದಿನ ದಿನವೇ ಹಿಡಿದು ತಂದಿದ್ದರು. ಅವನು ಯಾರು? ಸೈಲೀಷಿಯಾದವನು. ಜರ್ಮನ್ ಪ್ರಜೆ. ದಂಗೆಯಲ್ಲಿ ಪೋಲಿಷ್ ಕಡೆಯಿಂದ ಕಾದಾಡಿದವನು. ಪ್ರಜ್ಞೆ ತಪ್ಪಿಸುವ ಔಷಧ ಕೊಟ್ಟು ಎಳೆದು ತಂದು ಅಲ್ಲಿ ಗುಂಡಿಟ್ಟು ಮಲಗಿಸಿದರು. ಆ ಯುದ್ಧದಲ್ಲಿ ಸತ್ತ ಮೊದಲಿಗ ಅವನೇ ಎಂದು ಹಲವರು ಹೇಳುತ್ತಾರೆ. ಅವನಿಗೆ ಎರಡೂ ಭಾಷೆ ಬರುತ್ತಿತ್ತು. ಅವನ ಬಾಯಿಂದ ಒಂದು ಮಾತೂ ಬರದ ಹಾಗೆ ನೋಡಿಕೊಂಡದ್ದೇ ಆ ರಾತ್ರಿಯ ನಿಜವಾದ ಕೆಲಸ. ಮಾರನೇ ದಿನ ಹಿಟ್ಲರ್ ತನ್ನ ಭಾಷಣದಲ್ಲಿ ಒಂದೇ ರಾತ್ರಿ ಹದಿನಾಲ್ಕು ಗಡಿ ಘಟನೆಗಳು ನಡೆದವು ಅಂದ.

1945ರ ನಂತರ ಇಡೀ ಮೇಲಿನ ಸೈಲೀಷಿಯಾ ಪೋಲೆಂಡಿನದ್ದಾಯಿತು. ಲಕ್ಷಾಂತರ ಜರ್ಮನರು ಹೊರಬಿದ್ದರು. ಉಳಿಯಬೇಕೆಂದವರು ತಾವು ಪೋಲಿಷರು ಎಂದು 'ಪರಿಶೀಲನೆ'ಯಲ್ಲಿ ಸಾಬೀತು ಮಾಡಬೇಕಿತ್ತು. ಮತ್ತೆ ಅದೇ ಎರಡು ಚೀಟಿ.

ಜಗಳ ಈಗಲೂ ಮುಗಿದಿಲ್ಲ. ಜಾಗ ಮಾತ್ರ ಬದಲಾಗಿದೆ, ಕಾಳಗದ ಬಯಲಿನಿಂದ ಸಂಸತ್ತಿಗೆ. 2004ರಲ್ಲಿ 'ಸೈಲೀಷಿಯನ್ ರಾಷ್ಟ್ರೀಯತೆಯ ಜನರ ಒಕ್ಕೂಟ' ಎಂಬ ಹೆಸರಿನ ಸಂಘವನ್ನು ನೋಂದಾಯಿಸಲು ಪೋಲೆಂಡ್ ನಿರಾಕರಿಸಿದ್ದು ತಪ್ಪಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಿತು. 2024ರ ಏಪ್ರಿಲಿನಲ್ಲಿ ಸೈಲೀಷಿಯನ್‌ಗೆ ಪ್ರಾದೇಶಿಕ ಭಾಷೆಯ ಸ್ಥಾನ ಕೊಡುವ ಮಸೂದೆಗೆ ಪೋಲೆಂಡಿನ ಕೆಳಮನೆ ಒಪ್ಪಿಗೆ ಕೊಟ್ಟಿತು. ಮೇ 29ರಂದು ಆಗಿನ ಅಧ್ಯಕ್ಷ ಆಂಜೆಯ್ ದೂದಾ ಅದನ್ನು ತಡೆದರು. ಅದು ಭಾಷೆಯಲ್ಲ, ಪೋಲಿಷ್‌ನ ಒಂದು ಉಪಭಾಷೆ ಎಂಬುದು ಒಂದು ಕಾರಣ. ಪೂರ್ವದಲ್ಲಿ ಉಕ್ರೇನ್ ಯುದ್ಧ ನಡೆಯುತ್ತಿರುವಾಗ ದೇಶದ ಐಕ್ಯ ಮುಖ್ಯ ಎಂಬುದು ಇನ್ನೊಂದು. ಉತ್ತರದ ಕಶೂಬಿಯನ್ ಭಾಷೆಗೆ ಇದೇ ಸ್ಥಾನ 2005ರಿಂದ ಇದೆ. ಅದರಿಂದ ಪೋಲೆಂಡ್ ಒಡೆದು ಹೋಗಿಲ್ಲ ಎನ್ನುವುದನ್ನು ಸೈಲೀಷಿಯಾದವರು ಸುಮ್ನೆ ನೆನಪಿಸುತ್ತಾರೆ.

ದೂದಾ ಹೇಳಿದ ಭಯ ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಭಾಷೆಯ ಹೆಸರಿನಲ್ಲಿ ತನ್ನ ನೆಲ ಕಳೆದುಕೊಂಡ ನೆನಪು ಇರುವ ದೇಶ ಅದು. ರೇಡಿಯೊ ಗೋಪುರದ ರಾತ್ರಿ ಅವರಿಗೆ ಪಾಠಪುಸ್ತಕದ ವಿಷಯ ಅಲ್ಲ, ಅಜ್ಜನ ಕಥೆ. ಆದರೆ ಆ ಭಯಕ್ಕೆ ಬೆಲೆ ತೆರುವವರು ಯಾವಾಗಲೂ ನಡುವಿನವರೇ. ಜರ್ಮನ್ ಅಲ್ಪಸಂಖ್ಯಾತ ಮಕ್ಕಳಿಗೆ ಶಾಲೆಯಲ್ಲಿ ಇದ್ದ ವಾರದ ಮೂರು ಗಂಟೆಯ ಜರ್ಮನ್ ಪಾಠವನ್ನು 2022ರಲ್ಲಿ ಒಂದೇ ಗಂಟೆಗೆ ಇಳಿಸಿದರು. 2024ರ ಸೆಪ್ಟೆಂಬರಿನಲ್ಲಿ ಮತ್ತೆ ಮೂರು ಮಾಡಿದರು. ಬರ್ಲಿನ್ ಮತ್ತು ವಾರ್ಸಾ ನಡುವಿನ ಸಿಟ್ಟಿನ ಏರಿಳಿತ ಒಪೋಲೆಯ ಆರನೇ ಕ್ಲಾಸಿನ ವೇಳಾಪಟ್ಟಿಯಲ್ಲಿ ಕಾಣುತ್ತದೆ.

2025ರ ಜುಲೈ, ಸೇತುವೆಗಳ ಮೇಲೆ ನಾಗರಿಕರು ನಿಂತಿದ್ದ ಅದೇ ತಿಂಗಳು, ಪೋಲೆಂಡಿನ ಉತ್ತರದ ಬಂದರು ನಗರ ಗ್ದಾನ್ಸ್ಕ್‌ನಲ್ಲಿ ಒಂದು ವಸ್ತುಪ್ರದರ್ಶನ ಶುರುವಾಯಿತು. ಹೆಸರು 'ನಮ್ಮ ಹುಡುಗರು'. ನಾಜಿ ಆಕ್ರಮಣದ ಕಾಲದಲ್ಲಿ ಜರ್ಮನ್ ಸೇನೆಗೆ ಸೇರಿಸಲಾದ ಆ ಸೀಮೆಯ ಯುವಕರ ಫೋಟೊ, ಕಾಗದ, ನೆನಪುಗಳು. ಅವರಲ್ಲಿ ಬಹಳಷ್ಟು ಜನ ಬಲವಂತಕ್ಕೆ ಹೋದವರು. ದೊಡ್ಡ ಗದ್ದಲವೇ ಆಯಿತು. ಶತ್ರುವಿನ ಸಮವಸ್ತ್ರ ಹಾಕಿದವರು ನಮ್ಮ ಹುಡುಗರು ಹೇಗಾಗುತ್ತಾರೆ ಎಂದು ಕೇಳಿದರು. ಫೋಟೊ ಮಾತಾಡುವುದಿಲ್ಲ. ನೋಡಿದವರಿಗೆ ಕಂಡದ್ದು ಬಟ್ಟೆ ಮಾತ್ರ.

ತೆರೆಯ ಮೇಲೆ ಸೈಲೀಷಿಯಾದವರ ದನಿ ಕೇಳಿಸಿದ್ದು ತಡವಾಗಿ. 1970ರಲ್ಲಿ ಕಾಜಿಮ್ಯೆಶ್ ಕುಟ್ಸ್ ಎರಡನೇ ದಂಗೆಯ ಮೇಲೆ ಒಂದು ಪೋಲಿಷ್ ಚಿತ್ರ ತೆಗೆದ. ಅವನು ಕಟೋವಿತ್ಸೆ ಪಕ್ಕದ ಶೊಪಿಯೆನಿತ್ಸೆಯಲ್ಲಿ ಹುಟ್ಟಿದವನು. ಅದರಲ್ಲಿ ಏಳು ಅಣ್ಣತಮ್ಮಂದಿರು, ಗಣಿ ಕೇರಿ, ಇದ್ದಿಲ ಧೂಳು. ಪೋಲಿಷ್ ಪಕ್ಷ ವಹಿಸಿದ ಚಿತ್ರವೇ ಅದು. ಆದರೆ ಪಾತ್ರಗಳ ಬಾಯಲ್ಲಿ ಆ ನೆಲದ ಮಾತಿನ ವಾಸನೆ ಇದೆ. ವಾಶ್ನೆಕ್‌ನ ಗಡಿಗೂ ಕುಟ್ಸ್‌ನ ಗಡಿಗೂ ನಡುವೆ ನಲವತ್ಮೂರು ವರ್ಷ. ಅಷ್ಟು ಹೊತ್ತು ಬೇಕಾಯಿತು, ಅಲ್ಲಿನವರು ಅಲ್ಲಿನ ಮಾತಾಡಲು.

ಜನಗಣತಿಯ ಲೆಕ್ಕವೂ ಅಷ್ಟೇ ತಡವಾಗಿ ಬದಲಾಯಿತು. 2011ರಲ್ಲಿ ಪೋಲೆಂಡಿನ ಜನಗಣತಿಯವರು ನೀವು ಯಾವ ರಾಷ್ಟ್ರೀಯತೆಯವರು ಎಂದು ಕೇಳಿದ ಮೇಲೆ ಎರಡನೇ ಪ್ರಶ್ನೆಯೊಂದನ್ನು ಇಟ್ಟರು. ಅದರ ಜೊತೆಗೆ ಬೇರೆ ಯಾವುದಾದರೂ ನಿಮ್ಮದು ಅನಿಸುತ್ತದೆಯೇ? ಸುಮಾರು 8.47 ಲಕ್ಷ ಜನ ಸೈಲೀಷಿಯನ್ ಎಂದರು. 2021ರಲ್ಲಿ ಆ ಸಂಖ್ಯೆ 6 ಲಕ್ಷದ ಹತ್ತಿರಕ್ಕೆ ಇಳಿಯಿತು. ಮನೆಯಲ್ಲಿ ಆ ಮಾತಾಡುತ್ತೇವೆ ಎಂದವರು ಸುಮಾರು 4.67 ಲಕ್ಷ. ಆದರೆ ನಾನು ಮತ್ತೆ ಮತ್ತೆ ನೋಡುವುದು 2011ರ ಲೆಕ್ಕದ ಒಳಗಿನ ಇನ್ನೊಂದು ಅಂಕಿಯನ್ನು. ಆ ಎರಡನೇ ಪ್ರಶ್ನೆ ಇದ್ದುದರಿಂದಲೇ, 4 ಲಕ್ಷಕ್ಕೂ ಜಾಸ್ತಿ ಜನ ಒಂದೇ ಅರ್ಜಿಯಲ್ಲಿ ಎರಡೂ ಬರೆಸಿದರು. ಪೋಲಿಷ್, ಸೈಲೀಷಿಯನ್.